ಲಗ್ನದ ಕಾರ್ಯಕ್ರಮ ಪತ್ರಿಕೆ: ಮನೆ ಪ್ರಿಂಟರ್, ಝೆರಾಕ್ಸ್ ಅಂಗಡಿ, ಸ್ಕ್ರೀನ್ ಪ್ರಿಂಟ್ ಮೂರರಲ್ಲಿ ನನಗೆ ಹಿಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಸ್ಕ್ರೀನ್ ಪ್ರಿಂಟ್. ಹೊರಗೆ ಕೈಕಾಗದದ ಹೊದಿಕೆ, ಅದರ ಮೇಲೆ ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟ್, ಒಳಗೆ ಝೆರಾಕ್ಸ್ ಅಂಗಡಿಯ ಸಾದಾ ಲೇಸರ್ ಹಾಳೆ, ನಡುವೆ ಒಂದು ದಾರ. ತಂಗಿಯ ಲಗ್ನಕ್ಕೆ ಹೀಗೇ 180 ಪ್ರತಿ ಮಾಡಿದೆವು. ಮೂರು ಸಾವಿರದೊಳಗೆ ಮುಗಿಯಿತು. ಉಳಿದ ಎರಡು ದಾರಿಗಳನ್ನೂ ನಮ್ಮ ಮನೆತನದ ಬೇರೆ ಲಗ್ನಗಳಲ್ಲಿ ಕೈಯಾರೆ ಮಾಡಿ ನೋಡಿದ್ದೇನೆ, ಹಾಗಾಗಿ ಸುಮ್ನೆ ಊಹೆ ಮಾಡಿ ಹೇಳುತ್ತಿಲ್ಲ.

ಇದು ಲಗ್ನಪತ್ರಿಕೆಯ ಮಾತಲ್ಲ. ಲಗ್ನಪತ್ರಿಕೆ ಸಾವಿರಗಟ್ಟಲೆ ಬೇಕು, ಅದನ್ನು ಪ್ರೆಸ್ಸಿನಲ್ಲೇ ಹಾಕಿಸಿದೆವು. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು, ಇಲ್ಲಿದ್ದುಕೊಂಡು ಅದನ್ನೂ ಮನೆಯಲ್ಲಿ ಮಾಡುತ್ತೇವೆ ಅಂದರೆ ನಗುತ್ತಾರೆ. ನಾನು ಹೇಳುತ್ತಿರುವುದು ಹಂದರದ ಬಾಗಿಲಲ್ಲಿ ಬಂದವರ ಕೈಗೆ ಕೊಡುವ ಚಿಕ್ಕ ಮಡಿಕೆಯ ಪತ್ರಿಕೆ. ಯಾವುದರ ನಂತರ ಯಾವುದು, ಸುರಗಿ ಅಂದರೆ ಏನು, ಅಕ್ಷತೆ ಎಷ್ಟು ಗಂಟೆಗೆ, ಭೂಮಕ್ಕೆ, ಅಂದರೆ ಮದುಮಕ್ಕಳ ಜೊತೆಯ ಊಟಕ್ಕೆ, ಯಾರು ಕೂಡುತ್ತಾರೆ, ಇಷ್ಟು. ನಮ್ಮ ಮಂದಿಗೆ ಇದರ ಅಗತ್ಯವೇ ಇಲ್ಲ. ಆದರೆ ಅಳಿಯನ ಆಫೀಸಿನ ಗೆಳೆಯರು ಬೆಂಗಳೂರು, ಪುಣೆ, ಚೆನ್ನೈ ಕಡೆಯಿಂದ ಬರುವವರಿದ್ದರು. ಸುರಗಿಯಲ್ಲಿ ಸುತ್ತ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುವುದನ್ನು ನೋಡಿ ಅವರು ಕೇಳದೆ ಇರುತ್ತಾರಾ? ಪ್ರತಿಯೊಬ್ಬರಿಗೂ ವಿವರಿಸುತ್ತ ನಿಲ್ಲಲು ಲಗ್ನದ ಮನೆಯಲ್ಲಿ ಯಾರಿಗೆ ಪುರಸೊತ್ತಿದೆ? ಅದಕ್ಕೇ ಎರಡು ಭಾಷೆಯ ಪತ್ರಿಕೆ.

ಪ್ರೆಸ್ಸಿನ ಆಫ್‌ಸೆಟ್ ಮುದ್ರಣ ಈ ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಟಿನ ಖರ್ಚು, ಮಷಿನ್ ಹೊಂದಿಸುವಾಗ ಹಾಳಾಗುವ ಹಾಳೆ, ಎಲ್ಲವೂ ಇಷ್ಟೇ ಪ್ರತಿಗಳ ಮೇಲೆ ಬಿದ್ದರೆ ತುಟ್ಟಿ. ಸಾವಿರ ಪ್ರತಿ ಬೇಕಿದ್ದರೆ ಕಣ್ಣುಮುಚ್ಚಿ ಅಲ್ಲಿಗೇ ಹೋಗಿ. ವಾಟ್ಸಾಪ್ ಪಿಡಿಎಫ್ ಪುಕ್ಕಟೆ, ಆದರೆ ಹಂದರದಲ್ಲಿ ನಿಂತು ಅದನ್ನು ತೆರೆದು ಓದುವವರನ್ನು ನಾನಂತೂ ಕಂಡಿಲ್ಲ.

ಈಗ ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್. ಕಾಕಾನ ಮಗಳ ಲಗ್ನಕ್ಕೆ ಇದರಲ್ಲೇ ಮಾಡಿದ್ದು. ಮೂರರಲ್ಲಿ ಇದೇ ಅಗ್ಗ. ಇಂಕಿನ ಖರ್ಚು ಬಹಳ ಕಡಿಮೆ, ದಪ್ಪ ಹಾಳೆಗೆ ಕೊಟ್ಟದ್ದೇ ಖರ್ಚು. ತಪ್ಪು ಕಂಡರೆ ತಿದ್ದಿ ಮತ್ತೊಂದು ಹಾಕಬಹುದು, ರಾತ್ರಿ ಹನ್ನೊಂದಕ್ಕೂ ಹಾಕಬಹುದು. ಬಣ್ಣ ಚೆನ್ನಾಗಿಯೇ ಬಂದಿತ್ತು. ತೊಂದರೆ ಆಗಿದ್ದು ನೀರಿನಿಂದ. ಇಂಥ ಪ್ರಿಂಟರುಗಳಲ್ಲಿ ಹಲವಕ್ಕೆ ಕಪ್ಪು ಇಂಕ್ ಮಾತ್ರ ಪಿಗ್ಮೆಂಟ್, ಬಣ್ಣದ ಇಂಕುಗಳು ಡೈ. ಪಿಗ್ಮೆಂಟ್ ನೀರಿಗೆ ತಡೆಯುತ್ತದೆ, ಡೈ ಕರಗುತ್ತದೆ. ಇನ್ನು ನಮ್ಮ ಕಡೆ ಹಂದರದ ಬಾಗಿಲಲ್ಲಿ ಪತ್ರಿಕೆ ಕೊಡುವ ಹುಡುಗಿಯ ಪಕ್ಕದಲ್ಲೇ ಗುಲಾಬ್‌ದಾನಿ ಹಿಡಿದ ಇನ್ನೊಬ್ಬಳು ಹುಡುಗಿ ನಿಂತಿರುತ್ತಾಳಲ್ಲ, ಅವಳು ಉತ್ಸಾಹದಲ್ಲಿ ಎಲ್ಲರ ಮೇಲೂ ಗುಲಾಬ್ ನೀರು ಸಿಡಿಸಿದಳು. ಕರಿ ಅಕ್ಷರಗಳು ಹಾಗೇ ಉಳಿದವು. ಕೆಂಪು ಗಣಪತಿ ಮಾತ್ರ ಕರಗಿ ಒಬ್ಬ ಮಾಮಾನ ಹೊಸ ಬಿಳಿ ಜುಬ್ಬಾಕ್ಕೆ ಇಳಿದ. ಮಾಮಾ ಊಟ ಮುಗಿಯುವ ತನಕ ಅದರದೇ ಮಾತು.

ಬರೀ ಕಪ್ಪು ಪಿಗ್ಮೆಂಟ್ ಇಂಕಿನಲ್ಲಿ, ತಿಳಿ ಹಳದಿ ಹಾಳೆಯ ಮೇಲೆ ಹಾಕಿದರೆ ಮನೆ ಪ್ರಿಂಟರೂ ಕೆಟ್ಟದ್ದಲ್ಲ. ಹಾಳೆಯನ್ನು ಹಿಂದಿನಿಂದ ನೇರವಾಗಿ ಹಾಕುವ ಪ್ರಿಂಟರ್ ಆಗಿದ್ದರೆ ಒಳ್ಳೆಯದು, ಕೆಳಗಿನ ಟ್ರೇಯಿಂದ ಎಳೆದು ಸುತ್ತಿಸಿ ತರುವುದರಲ್ಲಿ ದಪ್ಪ ಹಾಳೆ ಸಿಕ್ಕಿಕೊಳ್ಳುತ್ತದೆ. ಕೈಕಾಗದವನ್ನು ಮಾತ್ರ ಇದಕ್ಕೆ ಹಾಕಬೇಡಿ. ಇಂಕ್ ನಾರಿನೊಳಗೆ ಹರಡಿಕೊಳ್ಳುತ್ತದೆ, ಉದುರಿದ ನಾರು ಪ್ರಿಂಟರಿನ ಹೊಟ್ಟೆ ಸೇರುತ್ತದೆ.

ಝೆರಾಕ್ಸ್ ಅಂಗಡಿಯ ಕಲರ್ ಲೇಸರಿಗೆ ನೀರಿನ ಭಯವಿಲ್ಲ. ಟೋನರ್ ಅಂದರೆ ಪ್ಲಾಸ್ಟಿಕ್ ಇರುವ ಪುಡಿ, ಬಿಸಿ ರೋಲರ್ ಅದನ್ನು ಕರಗಿಸಿ ಹಾಳೆಗೆ ಹಿಡಿಸುತ್ತದೆ. ಆದರೆ ದಪ್ಪ ಕಾರ್ಡಿನ ಮೇಲೆ ಗಾಢ ಬಣ್ಣ ತುಂಬಿಸಿ ಮಡಚಿದರೆ ಮಡಿಕೆಯ ಗೆರೆಯಲ್ಲಿ ಅದು ಸೀಳಿ ಬಿಳಿ ಕಾಣುತ್ತದೆ. ಮಡಿಕೆ ಬರುವ ಕಡೆ ಬಣ್ಣವೇ ಬರದಂತೆ ಬಿಟ್ಟರೆ ಆಯಿತು. ನನಗೆ ಹೊಂದದೆ ಹೋಗಿದ್ದು ದರ. ಎರಡೂ ಬದಿ ಬಣ್ಣ, ಮೇಲೆ ದಪ್ಪ ಕಾರ್ಡು ಅಂತ ಒಂದಕ್ಕೆ ಮೂವತ್ತು ರೂಪಾಯಿ ಹೇಳಿದರು. 180ಕ್ಕೆ 5,400. ಅಷ್ಟರಲ್ಲಿ ಒಂದು ಒಳ್ಳೆ ಸೀರೆ ಬರುತ್ತದೆ. ಕೈಕಾಗದ ತಂದುಕೊಡುತ್ತೇನೆ ಅಂದರೆ ಅಂಗಡಿಯವರು ಮುಟ್ಟುವುದೂ ಇಲ್ಲ, ಅದು ಸರಿಯೂ ಹೌದು. ತರಿತರಿ ಮೈಯ ತಗ್ಗುಗಳಲ್ಲಿ ಟೋನರ್ ಹಿಡಿಯುವುದಿಲ್ಲ, ಉಗುರು ತಾಗಿದರೆ ಉದುರುತ್ತದೆ.

ಆದರೆ ಬರೀ ಕಪ್ಪು ಲೇಸರ್ ಇದೆಯಲ್ಲ, ಅದು ಅಗ್ಗ, ಅದರಷ್ಟು ಚೊಕ್ಕ ಇನ್ನೊಂದಿಲ್ಲ. ಒಳಹಾಳೆಗೆ ಅದನ್ನೇ ಇಟ್ಟುಕೊಂಡೆ.

ಸ್ಕ್ರೀನ್ ಪ್ರಿಂಟಿನ ಕೆಲಸ ಹೀಗೆ. ಡಿಟಿಪಿ ಮಾಡಿದ್ದನ್ನು ಟ್ರೇಸಿಂಗ್ ಪೇಪರ್ ಮೇಲೆ ಕಪ್ಪಾಗಿ ತೆಗೆಯುತ್ತಾರೆ. ಬೆಳಕಿಗೆ ಗಟ್ಟಿಯಾಗುವ ದ್ರಾವಣ ಬಳಿದ ಬಟ್ಟೆಯ ಚೌಕಟ್ಟಿಗೆ ಅದನ್ನಿಟ್ಟು ಬೆಳಕು ಬಿಡುತ್ತಾರೆ. ಕಪ್ಪು ಇದ್ದ ಕಡೆ ದ್ರಾವಣ ಗಟ್ಟಿಯಾಗದೆ ತೊಳೆದುಹೋಗುತ್ತದೆ, ಅಲ್ಲಿಂದ ಮಾತ್ರ ಇಂಕ್ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಅದಕ್ಕೇ ನಾನು ಒಂದೇ ಬಣ್ಣ, ಅದೂ ಕುಂಕುಮದ ಕೆಂಪು, ಆರಿಸಿಕೊಂಡಿದ್ದು. ಇಂಕ್ ಹಾಳೆಯ ಮೇಲೆ ದಪ್ಪಗೆ ಕೂರುತ್ತದೆ, ಕೈಯಾಡಿಸಿದರೆ ಅಕ್ಷರ ಗೊತ್ತಾಗುತ್ತದೆ. ತರಿತರಿ ಕಾಗದವನ್ನೂ ಒಪ್ಪುತ್ತದೆ. ಒಣಗಿದ ಮೇಲೆ ಎಷ್ಟು ಗುಲಾಬ್ ನೀರು ಬಿದ್ದರೂ ಏನೂ ಆಗುವುದಿಲ್ಲ. ನಾನೇ ನಲ್ಲಿ ಕೆಳಗೆ ಹಿಡಿದು ನೋಡಿದ್ದೇನೆ.

ತಲೆ ಕೆಡಿಸಿದ್ದು ಕನ್ನಡ ಅಕ್ಷರ. ಬೇರೆ ಯಾವುದೂ ಇಷ್ಟು ಕಾಡಲಿಲ್ಲ.

ನಾನು ಎಲ್ಲವನ್ನೂ ಮೊಬೈಲಿನಲ್ಲಿ, ಅಂದರೆ ಯುನಿಕೋಡಿನಲ್ಲಿ, ಟೈಪ್ ಮಾಡಿ ಕಳಿಸಿದ್ದೆ. ಡಿಟಿಪಿ ಹುಡುಗ ಅದನ್ನು ತಾನು ಪುಟ ಕಟ್ಟುವ ಹಳೆಯ ಕೋರೆಲ್ ಡ್ರಾ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು. ಅಕ್ಷತೆ ಹೋಗಿ "ಅಕ್‌ಷತೆ" ಆಯಿತು, ಆಶೀರ್ವಾದದ ಅರ್ಕಾವತ್ತು ಎತ್ತಲೋ ಹೋಯಿತು. ಅವನು ನಗುತ್ತ, "ಅಕ್ಕಾರ, ನುಡಿಯೊಳಗ ಕೊಡ್ರಿ, ಯುನಿಕೋಡ್ ಇದ್ರಾಗ ಕೂಡಂಗಿಲ್ರಿ" ಅಂದ. ಕಾರಣ ಸರಳ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ, ಸಾಫ್ಟ್‌ವೇರ್ ಆ ತುಂಡುಗಳನ್ನು ಸಾಲಾಗಿ ಇಟ್ಟರೆ ಸಾಕು. ಯುನಿಕೋಡಿನಲ್ಲಿ ಹಾಗಲ್ಲ, ಯಾವ ಒತ್ತು ಯಾವ ಅಕ್ಷರದ ಕೆಳಗೆ ಅಂತ ಜೋಡಿಸುವ ಕೆಲಸವೂ ಸಾಫ್ಟ್‌ವೇರಿನದೇ. ಹಳೆಯ ಕೋರೆಲ್‌ಗೆ ಅದು ಬರುವುದಿಲ್ಲ. ನಮ್ಮ ಕಡೆಯ ಎಷ್ಟೋ ಅಂಗಡಿಗಳು ಇನ್ನೂ ಅದರಲ್ಲೇ ಇವೆ, ಯಾಕೆಂದರೆ ಅವರ ವರ್ಷಾನುಗಟ್ಟಲೆಯ ಪತ್ರಿಕೆಗಳೆಲ್ಲ ನುಡಿಯಲ್ಲೇ ಕೂತಿವೆ.

ಸರಿ, ಕನ್ವರ್ಟರ್ ಇದೆಯಲ್ಲ ಅಂತ ಅವನೇ ಅದರಲ್ಲಿ ಹಾಕಿ ನುಡಿಗೆ ತಂದ. ಕನ್ನಡವೇನೋ ಸರಿಹೋಯಿತು. ಆದರೆ ನಮ್ಮದು ಎರಡು ಭಾಷೆ. ಇಡೀ ಪುಟಕ್ಕೆ ನುಡಿ ಫಾಂಟ್ ಹಾಕಿದ ತಕ್ಷಣ ಇಂಗ್ಲಿಷ್ ಸಾಲುಗಳೆಲ್ಲ ಅರ್ಥವಿಲ್ಲದ ಕನ್ನಡ ಚೂರುಗಳಾದವು. ಅವನ್ನು ಒಂದೊಂದಾಗಿ ಹಿಡಿದು ಫಾಂಟ್ ಬದಲಿಸಬೇಕು. ಬದಲಿಸುವಾಗ ಒಂದು ಸಾಲು ಬಿಟ್ಟುಹೋದರೆ ಕನ್ನಡ ಬಾರದವರು ಅದನ್ನು ಕನ್ನಡವೆಂದು ತಿಳಿಯುತ್ತಾರೆ, ಕನ್ನಡ ಬಂದವರು ಇನ್ಯಾವುದೋ ಭಾಷೆ ಅಂತ ತಿಳಿಯುತ್ತಾರೆ. ಹುಡುಗ ಬೇಸರವಿಲ್ಲದೆ ಮಾಡಿದ. ಬೇಸರ ಬಂದದ್ದು ನನಗೆ.

ಕೊನೆಗೆ ದಾರಿ ಸಿಕ್ಕಿದ್ದು ಪಿಡಿಎಫ್‌ನಲ್ಲಿ. ಮನೆಯ ಕಂಪ್ಯೂಟರಿನಲ್ಲೇ ವರ್ಡ್‌ನಲ್ಲಿ ಹೊದಿಕೆಯನ್ನು ಅಳತೆಗೆ ತಕ್ಕಂತೆ ಪೂರ್ತಿ ಸಿದ್ಧ ಮಾಡಿ, ಎಲ್ಲವನ್ನೂ ಕಪ್ಪಿನಲ್ಲೇ ಇಟ್ಟು, ಪಿಡಿಎಫ್ ಮಾಡಿ ಕೊಟ್ಟೆ. ಕೋರೆಲ್‌ಗೆ ಅದನ್ನು ತರುವಾಗ ಅಕ್ಷರಗಳನ್ನು ಕರ್ವ್ಸ್ ಆಗಿ ತರುವ ಆಯ್ಕೆ ಇರುತ್ತದೆ, ಅದನ್ನೇ ಒತ್ತಲು ಹೇಳಿ. ಆಗ ಅಕ್ಷರಗಳು ಚಿತ್ರವಿದ್ದ ಹಾಗೆ, ಒತ್ತು ಎಲ್ಲಿಗೂ ಓಡುವುದಿಲ್ಲ. ಆದರೆ ಅಂಗಡಿಯಲ್ಲಿ ಒಂದಕ್ಷರವನ್ನೂ ತಿದ್ದಲು ಆಗುವುದಿಲ್ಲ. ಹಿಂಬದಿಯ ಹೊದಿಕೆಯಲ್ಲಿ "ತಮ್ಮ ಸುಖಾಗಮನ ಬಯಸುವವರು" ಅಂತ ಹೆಸರುಗಳ ಪಟ್ಟಿ ಇತ್ತು. ಆ ಪಟ್ಟಿ ಲಗ್ನದ ಮನೆಯಲ್ಲಿ ಎಂದಾದರೂ ಒಂದೇ ಸಲಕ್ಕೆ ಮುಗಿದದ್ದು ಉಂಟಾ? ಸೋದರಮಾವನ ಹೆಸರಿನ ಮುಂದೆ ಶ್ರೀ ಹಾಕಿ ವೈನಿಯ ತಂದೆಯ ಹೆಸರಿಗೆ ಬಿಟ್ಟಿದ್ದೀರಿ ಅಂತ ಒಂದು ಫೋನು, ಚಿಕ್ಕಜ್ಜನ ಹೆಸರು ಕೆಳಗೆ ಬಂತು ಅಂತ ಇನ್ನೊಂದು. ಪ್ರತಿ ಸಲ ಮನೆಗೆ ಬಂದು ತಿದ್ದಿ ಹೊಸ ಪಿಡಿಎಫ್. ಹಿರಿಯರೆಲ್ಲ ಓದಿ ಒಪ್ಪುವ ತನಕ ಟ್ರೇಸಿಂಗ್ ತೆಗೆಸಬೇಡಿ. ಸ್ಕ್ರೀನ್ ಆದ ಮೇಲೆ ಬದಲಿಸಿದರೆ ಹೊಸ ಸ್ಕ್ರೀನಿನ ದುಡ್ಡು.

ಅಕ್ಷರದ ಗಾತ್ರದ ಬಗ್ಗೆಯೂ ಒಂದು ಮಾತು. ಕೈಕಾಗದ ಇಂಕ್ ಹೀರುತ್ತದೆ, ಹಾಗಾಗಿ ಸಣ್ಣ ಅಕ್ಷರದ ಒತ್ತುಗಳ ಸುಳಿ ಮುಚ್ಚಿಹೋಗುತ್ತದೆ. ಹೊದಿಕೆಯಲ್ಲಿ 14 ಪಾಯಿಂಟಿಗಿಂತ ಕೆಳಗೆ ಹೋಗಲಿಲ್ಲ. ಸುರಗಿ, ಭೂಮದ ವಿವರಣೆಯಂಥ ಸಣ್ಣ ಅಕ್ಷರದ್ದೆಲ್ಲ ಒಳಗಿನ ಲೇಸರ್ ಹಾಳೆಗೆ.

ದುಡ್ಡು ಉಳಿದದ್ದು ಕಾಗದ ಕತ್ತರಿಸುವುದರಲ್ಲಿ. ಕೈಕಾಗದ, ಅಂಗಡಿಯಲ್ಲಿ ಹ್ಯಾಂಡ್‌ಮೇಡ್ ಪೇಪರ್ ಅಂತಲೇ ಕೇಳಿ, ಹೆಚ್ಚಾಗಿ ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವಂಥದ್ದು. ರಾಜಸ್ಥಾನದ ಸಾಂಗಾನೇರ್ ಇದಕ್ಕೆ ಹೆಸರುವಾಸಿ. ದೊಡ್ಡ ಹಾಳೆ ಸಾಮಾನ್ಯವಾಗಿ 22 ಇಂಚು ಅಗಲ, 30 ಇಂಚು ಉದ್ದ. ಎಲ್ಲರೂ ಮಾಡುವಂತೆ ಎ4 ಅಳತೆಗೆ ಕತ್ತರಿಸಿದರೆ ಒಂದು ಹಾಳೆಗೆ ನಾಲ್ಕು, ತಿರುಗಿಸಿ ಹೊಂದಿಸಿದರೆ ಐದು. ಅದರ ಬದಲು ಹೊದಿಕೆಯನ್ನು 7 ಇಂಚು ಎತ್ತರ, 10 ಇಂಚು ಅಗಲಕ್ಕೆ ಇಳಿಸಿದರೆ ಒಂದು ಹಾಳೆಗೆ ಒಂಬತ್ತು ಬರುತ್ತವೆ, ಮಡಚಿದರೆ 5 ಇಂಚಿನ ಮುದ್ದಾದ ಪತ್ರಿಕೆ. 180 ಹೊದಿಕೆಗೆ 20 ಹಾಳೆ ಸಾಕು, ನಾಲ್ಕರಂತೆ ಕತ್ತರಿಸಿದರೆ 45 ಬೇಕಿತ್ತು. ಹುಬ್ಬಳ್ಳಿಯಲ್ಲಿ ನನಗೆ ಹಾಳೆ 45 ರೂಪಾಯಿಗೆ ಸಿಕ್ಕಿತು, ಕೆಟ್ಟರೆ ಇರಲಿ ಅಂತ ಎರಡು ಹೆಚ್ಚಿಗೆ ತಂದೆ. 990 ರೂಪಾಯಿ. ಸ್ಕ್ರೀನ್ ಮಾಡಲು 500, ಒಂದು ಹೊಡೆತಕ್ಕೆ 3 ರೂಪಾಯಿಯಂತೆ 540. ಒಳಹಾಳೆ ಎರಡೂ ಬದಿ ಕಪ್ಪು ಲೇಸರ್, 100 ಜಿಎಸ್‌ಎಂ ಕಾಗದ ಸೇರಿ 5 ರೂಪಾಯಿ, ಅದು 900. ಒಟ್ಟು 2,930. ನಿಮ್ಮ ಅಂಗಡಿಯಲ್ಲಿ ದರ ಹೆಚ್ಚುಕಡಿಮೆ ಇರಬಹುದು, ಚೌಕಾಶಿ ಮಾಡಿ.

ಕತ್ತರಿಸಲು ಬೈಂಡಿಂಗ್ ಅಂಗಡಿಗೆ ಕೊಟ್ಟರೆ ಒಂದೇ ಹೊಡೆತಕ್ಕೆ ಆಗುತ್ತದೆ, ಆದರೆ ಅಂಚು ಬ್ಲೇಡಿನಂತೆ ನೇರವಾಗಿ ಕೈಕಾಗದದ ಚಂದವೇ ಹೋಗುತ್ತದೆ. ನಾವು ಮನೆಯಲ್ಲೇ ಗೆರೆಯ ಮೇಲೆ ಒದ್ದೆ ಬ್ರಷ್ ಎಳೆದು, ಉಕ್ಕಿನ ಸ್ಕೇಲ್ ಒತ್ತಿ ಹಿಡಿದು ಹರಿದೆವು. ಅಂಚಿನಲ್ಲಿ ನಾರು ಮೆತ್ತಗೆ ಉಳಿಯುತ್ತದೆ. ಇದನ್ನು ಪ್ರಿಂಟಿಗೆ ಕೊಡುವ ಮುಂಚೆ ಮಾಡಿ, ಪೂರ್ತಿ ಒಣಗಿಸಿ, ಭಾರ ಹೇರಿ ಚಪ್ಪಟೆ ಮಾಡಿ ಕೊಡಿ. ಮಡಚುವ ಗೆರೆಗೆ ಖಾಲಿಯಾದ ಬಾಲ್‌ಪೆನ್ ಎಳೆದರೆ ಸಾಕು. ದಾರಕ್ಕೆ ಬೆಟಗೇರಿಯ ಪರಿಚಯದ ನೇಕಾರರ ಮನೆಯಲ್ಲಿ ಉಳಿದ ಬಣ್ಣದ ನೂಲು ಸಿಕ್ಕಿತು. ಅರಿಷಿಣ ಹಚ್ಚಿದ ದಾರ ಕಟ್ಟೋಣ ಅಂತ ಅವ್ವ ಅಂದಳು, ಹೊದಿಕೆಗೆ ಕಲೆ ಆಗುತ್ತದೆ ಅಂತ ಬಿಟ್ಟೆವು. ಕಟ್ಟುವ ಕೆಲಸ ಮನೆಗೆ ಬಂದ ಮಂದಿ ಜಮಖಾನೆ ಮೇಲೆ ಕೂತು ಹರಟೆ ಹೊಡೆಯುತ್ತ ಮುಗಿಸಿದರು.

ಇನ್ನೊಂದು. ಒಳಗೆ ಗಂಟೆಗಳನ್ನು ಬರೆಯಲು ಹೋಗಬೇಡಿ. ಅಕ್ಷತೆಯ ಹೊತ್ತು ಮಾತ್ರ ಹಾಕಿ, ಉಳಿದದ್ದು ಬರೀ ಕ್ರಮ. ನಮ್ಮಲ್ಲಿ ಯಾವ ಲಗ್ನ ಹೊತ್ತಿಗೆ ಸರಿಯಾಗಿ ನಡೆದಿದೆ ಹೇಳಿ.

ನನಗೆ ಸ್ಕ್ರೀನ್ ಹೊಂದಿದ್ದು ನನ್ನ ಕೈಯಲ್ಲಿ ಸಮಯ ಇತ್ತು ಅಂತ, ಕೂತು ಕಟ್ಟುವ ಮಂದಿ ಇದ್ದರು ಅಂತ, ಮತ್ತೆ ನನಗೆ ಬಣ್ಣಬಣ್ಣದ ಪತ್ರಿಕೆಯ ಹುಚ್ಚಿಲ್ಲ ಅಂತ. ಮದುಮಕ್ಕಳ ಫೋಟೋ ಇರಲೇಬೇಕು ಅನ್ನುವವರು ಕಲರ್ ಲೇಸರಿಗೇ ಹೋಗಿ, ಒಂದು ಬಣ್ಣದ ಸ್ಕ್ರೀನಿನಲ್ಲಿ ಮುಖಗಳು ಚಂದ ಬರುವುದಿಲ್ಲ. 50 ಪ್ರತಿ ಸಾಕು ಅನ್ನುವವರಿಗೂ ಸ್ಕ್ರೀನಿನ 500 ರೂಪಾಯಿ ದಂಡ, ಅವರಿಗೆ ಮನೆ ಪ್ರಿಂಟರಿನ ಕಪ್ಪು ಇಂಕೇ ಲೇಸು. ಸ್ಕ್ರೀನ್ ಮಾಡಿಸುವುದಾದರೆ ಲಗ್ನದ ಸುಗ್ಗಿ ಶುರುವಾಗುವ ಮುಂಚೆಯೇ ಅಂಗಡಿ ಹಿಡಿಯಿರಿ. ಪ್ರಿಂಟ್ ಆದ ಮೇಲೆ ಅಲ್ಲೇ ನಿಂತು ಎಣಿಸಿ, ಕೆಟ್ಟವನ್ನು ಬೇರೆ ಮಾಡಿ, ಕಡಿಮೆ ಬಿದ್ದವನ್ನು ಆಗಲೇ ಹೊಡೆಸಿಕೊಳ್ಳಿ. ಕೆಲಸ ಮುಗಿಯುತ್ತಲೇ ಅವರು ಸ್ಕ್ರೀನ್ ತೊಳೆದು ಮುಂದಿನವರ ಪತ್ರಿಕೆಗೆ ತೆಗೆದುಕೊಳ್ಳುತ್ತಾರೆ, ಆಮೇಲೆ ಹತ್ತು ಪ್ರತಿ ಬೇಕೆಂದರೂ ಮತ್ತೆ 500.