ಒಂದೇ ಬಾನೆಟ್, ಮೂರು ಪಾಲಿಶ್ ಮಷೀನ್

ನನ್ನ ಕಪ್ಪು ಸ್ವಿಫ್ಟ್‌ಗೆ ಎಂಟು ವರ್ಷ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿ ಒರೆಸಿ ಅದರ ಮೈತುಂಬ ಜೇಡರ ಬಲೆ ನೇಯ್ದವನು ನಾನೇ. ನೆರಳಲ್ಲಿ ಏನೂ ಕಾಣುತ್ತಿರಲಿಲ್ಲ. ಕಲಬುರಗಿಯ ಹನ್ನೊಂದು ಗಂಟೆಯ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಬಿದ್ದ ಸೂರ್ಯನ ಸುತ್ತ ಸಣ್ಣ ಗೀರುಗಳದೇ ಜಾತ್ರೆ. ಪಾಲಿಶ್ ಮಾಡಿಸಲು ವಿಚಾರಿಸಿದೆ. ಅವರು ಹೇಳಿದ ರೇಟಿಗೆ ಇನ್ನಷ್ಟು ಹಾಕಿದರೆ ಮಷೀನೇ ಮನೆಗೆ ಬರುತ್ತದಲ್ಲ ಅನ್ನಿಸಿತು. ಯಾವ ಮಷೀನ್ ಅನ್ನುವುದರಲ್ಲಿ ಒಂದು ಚಳಿಗಾಲ ಕಳೆಯಿತು.

ಸ್ವಂತ ಗಾಡಿ ಮೇಲೆ ಪ್ರಯೋಗ ಮಾಡುವ ಧೈರ್ಯ ಇರಲಿಲ್ಲ. ಗುಜರಿ ಅಂಗಡಿಯಿಂದ ನಾನೂರು ರೂಪಾಯಿಗೆ ಒಂದು ಹಳೇ ಕಪ್ಪು ಬಾನೆಟ್ ತಂದು, ಮಾಸ್ಕಿಂಗ್ ಟೇಪ್ ಅಂಟಿಸಿ ಚೌಕ ಮಾಡಿದೆ. ಇದೊಂದು ಖರ್ಚು ಮಾತ್ರ ಯಾರೂ ಉಳಿಸಬೇಡಿ.

ಡ್ರಿಲ್ಲಿಗೆ ಸ್ಪಂಜು ಸಿಕ್ಕಿಸುವ ಉಪಾಯ ಹತ್ತು ನಿಮಿಷಕ್ಕೆ ಮುಗಿಯಿತು. ಹಿಡಿತವಿಲ್ಲ, ಸ್ಪಂಜಿನ ಒಂದೇ ಅಂಚು ಒತ್ತುತ್ತದೆ. ಗ್ರೈಂಡರಿಗೆ ಪ್ಯಾಡ್ ಹಾಕುವವರನ್ನೂ ನೋಡಿದ್ದೇನೆ. ಸಾದಾ ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಪಾಲಿಶ್‌ಗೆ 2,000 ದಾಟುವುದೇ ಅಪರೂಪ. ಅದರ ಗೊಡವೆಗೆ ಹೋಗಲಿಲ್ಲ.

ರೋಟರಿ ಮಷೀನ್ ಸಿಕ್ಕಿದ್ದು ನಮ್ಮ ಓಣಿಯ ಪೇಂಟಿಂಗ್ ಉಸ್ತಾದರಿಂದ. ಪ್ಯಾಡು ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ, ಅಷ್ಟೇ ಅದರ ವಿದ್ಯೆ. ಉಣ್ಣೆ ಪ್ಯಾಡ್ ಹಾಕಿ, ಕಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಹಚ್ಚಿ ಓಡಿಸಿದರೆ ಎರಡೇ ನಿಮಿಷದಲ್ಲಿ ಚೌಕದ ಗೀರು ಮಾಯ. "ಸರ, ಕೈ ಒಂದ ಕಡಿ ನಿಂದರಸಬ್ಯಾಡ್ರಿ. ನಿಂತ್ರ ಸುಡ್ತದ" ಅಂತ ಉಸ್ತಾದರು ಮೊದಲೇ ಹೇಳಿದ್ದರು. ನಾನು ನಿಲ್ಲಿಸಲಿಲ್ಲ. ಬಾನೆಟ್ಟಿನ ಉಬ್ಬು ಗೆರೆ ಮೇಲೆ ಹಾಯುವಾಗ ಮಷೀನ್ ಸ್ವಲ್ಪ ವಾಲಿತು, ಅಷ್ಟೇ. ಎತ್ತಿ ನೋಡಿದರೆ ಕಪ್ಪು ಹೋಗಿ ಬೂದು ಪ್ರೈಮರ್ ಬೆಂಕಿಕಡ್ಡಿಯಷ್ಟುದ್ದ ಹಲ್ಲು ಕಿಸಿದಿತ್ತು. ಕಂಪನಿ ಪೇಂಟಿನ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಅಂಚು, ಉಬ್ಬುಗಳ ಮೇಲೆ ಇನ್ನೂ ತೆಳು. ಆಮೇಲಿಂದ ಅಂಚಿಗೆಲ್ಲ ಟೇಪ್ ಹಚ್ಚದೆ ಸ್ವಿಚ್ ಒತ್ತಿಲ್ಲ.

ರೋಟರಿಯ ಎರಡನೇ ಮೋಸ ತಡವಾಗಿ ಗೊತ್ತಾಗುತ್ತದೆ. ಶೆಡ್ಡಿನ ಟ್ಯೂಬ್‌ಲೈಟಿನಡಿ ಕನ್ನಡಿ ಹಾಗೆ ಹೊಳೆದ ಚೌಕವನ್ನು ಅಂಗಳಕ್ಕೆ ಎಳೆದು ತಂದರೆ, ಬಿಸಿಲಲ್ಲಿ ಅದರೊಳಗೆ ಹಾವು ಹರಿದಂಥ ಬಿಳಿ ಸುಳಿಗಳು. ಹೊಲೊಗ್ರಾಮ್ ಅನ್ನುತ್ತಾರೆ. ಪ್ಯಾಡು ಒಂದೇ ದಿಕ್ಕಿಗೆ ತಿರುಗಿ ಬಿಟ್ಟ ಗುರುತು. ಮೆತ್ತನೆ ಫೋಮ್ ಪ್ಯಾಡ್, ನಯವಾದ ಪಾಲಿಶ್, ಕಡಿಮೆ ಸ್ಪೀಡಿನಲ್ಲಿ ಮತ್ತೊಮ್ಮೆ ಓಡಿಸಿದರೆ ಹೋಗುತ್ತದೆ, ಪಳಗಿದ ಕೈಯಿದ್ದರೆ. ನನ್ನ ಕೈಗೆ ಅರ್ಧ ಹೋಯಿತು.

ಡ್ಯುಯಲ್ ಆಕ್ಷನ್, ಎಲ್ಲರೂ ಡಿಎ ಅನ್ನುವ ಮಷೀನು, ನಾನು ಕೊನೆಗೆ ಕೊಂಡದ್ದು. ಇದರಲ್ಲಿ ಪ್ಯಾಡು ತಿರುಗುವ ಜೊತೆಗೆ ಅಚ್ಚು ಕೂಡ ಒಂದು ಸಣ್ಣ ಸುತ್ತು ಹೊಡೆಯುತ್ತಿರುತ್ತದೆ. ನನ್ನದರ ಆ ಸುತ್ತು 15 ಎಂಎಂ. ಒಂದೇ ಜಾಗವನ್ನು ಒಂದೇ ದಿಕ್ಕಿಗೆ ಉಜ್ಜುವುದಿಲ್ಲ, ಹಾಗಾಗಿ ಶಾಖ ಕಡಿಮೆ, ಹೊಲೊಗ್ರಾಮ್ ಇಲ್ಲವೇ ಇಲ್ಲ ಅನ್ನಬಹುದು.

ಆದರೆ ಮೊದಲ ದಿನ ಇದನ್ನು ವಾಪಸ್ ಕಳಿಸಿಬಿಡೋಣ ಅನ್ನಿಸಿತ್ತು. ಅರ್ಧ ತಾಸು ಓಡಿಸಿದರೂ ಒಂದು ಗೀರು ಅಲುಗಲಿಲ್ಲ. ಪ್ಯಾಡ್ ಅಂಟಿಸುವ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಒಂದು ಕಪ್ಪು ಗೆರೆ ಎಳೆದ ಮೇಲೆ ಗುಟ್ಟು ಬಯಲಾಯಿತು. ಪ್ಯಾಡು ಸರಿಯಾಗಿ ತಿರುಗುತ್ತಿದ್ದರೆ ಗೆರೆ ಕಾಣುವುದಿಲ್ಲ, ಮಸಕು ಬಳೆಯಾಗುತ್ತದೆ. ನಾನು ರೋಟರಿಯ ಅಭ್ಯಾಸದಲ್ಲಿ ಮೈಭಾರ ಹಾಕಿ ಒತ್ತಿದಾಗ ಗೆರೆ ಗೆರೆಯಾಗಿಯೇ ನಿಂತು ನಡುಗುತ್ತಿತ್ತು. ಅಂದರೆ ಪ್ಯಾಡು ತಿರುಗುವುದನ್ನೇ ಬಿಟ್ಟಿತ್ತು. ಮಷೀನಿನ ತೂಕ, ಮೇಲೆ ಅಂಗೈ ಭಾರ, ಸಾಕು. ಪ್ಯಾಡನ್ನು ಮೈಗೆ ಚಪ್ಪಟೆಯಾಗಿ ಕೂರಿಸಬೇಕು. ಒಂದೂವರೆ ಅಡಿ ಚೌಕಕ್ಕೆ ಬಟಾಣಿಯಷ್ಟು ನಾಲ್ಕು ಹನಿ ಕಂಪೌಂಡ್. ಮೊದಲು ಒಂದನೇ ಸ್ಪೀಡಿನಲ್ಲಿ ಸವರಿ, ಆಮೇಲೆ ನಾಲ್ಕು ಅಥವಾ ಐದಕ್ಕೆ ಏರಿಸಿ, ಒಮ್ಮೆ ಅಡ್ಡ ಒಮ್ಮೆ ಉದ್ದ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ. ಈ ನಿಧಾನವೇ ಕಲಿಯಲು ಕಷ್ಟ. ನಾನು ಕಿಟಕಿ ಗಾಜು ಒರೆಸುವ ಹಾಗೆ ಓಡಾಡಿಸುತ್ತಿದ್ದೆ.

ಒಂದು ಚೌಕಕ್ಕೆ ಆರು ನಿಮಿಷ ಹಿಡಿಯಿತು. ಉಗುರಿಗೆ ತಾಗುವಷ್ಟು ಆಳದ ಒಂದು ಗೀರು ಹಾಗೇ ಉಳಿಯಿತು. ಅದನ್ನು ಯಾವ ಮಷೀನಿಂದಲೂ ತೆಗೆಯುವ ಗೋಜಿಗೆ ಹೋಗಬಾರದು, ಅಷ್ಟು ಕ್ಲಿಯರ್ ಕೋಟ್ ಎಲ್ಲಿಂದ ತರುವುದು?

ಮೂರನೆಯದು ಗೇರ್ ಇರುವ ಡಿಎ. ಹೈದರಾಬಾದಿನ ಗೆಳೆಯ ಎರಡು ದಿನಕ್ಕೆ ಕೊಟ್ಟಿದ್ದ. ಎಷ್ಟೇ ಒತ್ತಿ, ಬಾಗಿದ ಕಡೆ ಇಡಿ, ನಿಲ್ಲುವುದೇ ಇಲ್ಲ. ಸುತ್ತು 8 ಎಂಎಂ ಮಾತ್ರ. ಮೂರೂವರೆ ನಿಮಿಷಕ್ಕೆ ಚೌಕ ಮುಗಿಯಿತು, ಫಿನಿಶ್ ಕೂಡ ಚಂದ. ಆದರೆ ಮೊಂಡು ಹೋರಿ ಹಾಗೆ ಎಳೆದಾಡುತ್ತದೆ. ಒಂದು ಬಾಗಿಲು ಮುಗಿಸುವಷ್ಟರಲ್ಲಿ ಬೆರಳು ಜೋಮು ಹಿಡಿದು ಚಹಾ ಕಪ್ಪು ಎತ್ತಲಾಗಲಿಲ್ಲ. ರೇಟು ನನ್ನ ಮಷೀನಿನ ದುಪ್ಪಟ್ಟು. ದಿನಾ ನಾಲ್ಕು ಗಾಡಿ ಮಾಡುವವರಿಗೆ ಸರಿ.

ಯಾವ ಮಷೀನಾದರೂ ನಮ್ಮ ಊರಲ್ಲಿ ಹೊತ್ತು ನೋಡಿಯೇ ಸ್ವಿಚ್ ಹಾಕಬೇಕು. ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವ ಊರು ಇದು. ಬಿಸಿ ತಗಡಿನ ಮೇಲೆ ಕಂಪೌಂಡ್ ಕ್ಷಣದಲ್ಲಿ ಒಣಗಿ ಹಿಟ್ಟಾಗುತ್ತದೆ. ನಾನು ಬೆಳಿಗ್ಗೆ ಆರರಿಂದ ಎಂಟೂವರೆ ತನಕ, ನೆರಳಲ್ಲಿ ಮಾತ್ರ ಮಾಡುತ್ತೇನೆ. ಬೋರ್ ನೀರಿನ ಬಿಳಿ ಕಲೆ, ಅಂಟಿಕೊಂಡ ಧೂಳು ಇದ್ದರೆ ಮೊದಲು ತೊಳೆದು ಕ್ಲೇ ಬಾರ್ (ಅಂಟಿದ ಕಸ ಎತ್ತುವ ಮೆತ್ತನೆ ಜೇಡಿಯಂಥ ತುಂಡು) ಉಜ್ಜಬೇಕು. ಇಲ್ಲದಿದ್ದರೆ ಆ ಕಸವೇ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕುತ್ತದೆ. ನೆಲಕ್ಕೆ ಹಾಸುವ ಶಹಾಬಾದ್ ಪರ್ಶಿ ಪಾಲಿಶ್ ಮಾಡುವವರನ್ನು ನೋಡಿದ್ದರೆ ಉಳಿದದ್ದು ತಾನೇ ತಿಳಿಯುತ್ತದೆ: ಒರಟು ಕಲ್ಲು ಮೊದಲು, ನುಣುಪು ಆಮೇಲೆ, ನಡುವೆ ಚೊಕ್ಕ ತೊಳೆಯುವುದು.

ಸ್ವಿಫ್ಟ್ ಮುಗಿಸಲು ಎರಡು ಭಾನುವಾರ ಹಿಡಿಯಿತು. ನೋಡಲು ಬಂದ ಉಸ್ತಾದರು ಮಷೀನ್ ಇಸಿದುಕೊಂಡು, ಬಾನೆಟ್ ಮೇಲೆ ತಮ್ಮ ರೂಢಿಯಂತೆ ಒತ್ತಿದರು. ಮಾರ್ಕರ್ ಗೆರೆ ನಿಂತುಬಿಟ್ಟಿತು. "ಇದಕ್ಕ ಜೀವಾನೇ ಇಲ್ಲಲ್ರಿ ಸರ!" ಕೈ ಸಡಿಲ ಬಿಡ್ರಿ ಅಂದೆ. ಬಿಟ್ಟರು, ಗೆರೆ ಮಾಯವಾಯಿತು. ಮತ್ತೆರಡು ಸುತ್ತು ಓಡಿಸಿ, ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿ, ರೇಟು ಕೇಳಿದರು. ಈಗ ಕಪ್ಪು ಗಾಡಿ ಬಂದಾಗಲೆಲ್ಲ ಗೀರು ತೆಗೆಯಲು ಅವರ ರೋಟರಿ, ಸುಳಿ ಅಳಿಸಲು ನನ್ನ ಡಿಎ. ಮೊದಲ ಸಲ ಪ್ಯಾಡುಗಳನ್ನು ತೊಳೆಯದೆ ವಾಪಸ್ ಕಳಿಸಿದ್ದರು, ಕಂಪೌಂಡ್ ಒಣಗಿ ರೊಟ್ಟಿಯಂತೆ ಖಟಿಯಾಗಿದ್ದವು. ಹಾಗಾಗಿ ಈಗ ಮಷೀನ್ ಮಾತ್ರ ಕೊಡುತ್ತೇನೆ, ಪ್ಯಾಡು ಅವರದೇ.