ಬಿಲ್ಲಿನಲ್ಲಿ ಬರೀ ‘ಐ5’ ಅಂತಿದ್ದರೆ ರೊಕ್ಕ ಕೊಡಬೇಡಿ

ಹಾವೇರಿಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ಹಗಲು ಟ್ಯಾಲಿ, ಜಿಎಸ್‌ಟಿ. ರಾತ್ರಿ ಮಗಳ ಆನ್‌ಲೈನ್ ಕ್ಲಾಸು. ಇಷ್ಟಕ್ಕೇ ಒಂದು ಕಂಪ್ಯೂಟರ್ ಬೇಕಿತ್ತು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೋಗಿ, 16,500 ರೂಪಾಯಿ ಕೊಟ್ಟು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

“ಐ3 ಯಾಕ್ ತಗೋತೀರಿ ಸರ್, ಅದ ರೊಕ್ಕದಾಗ ಐ5 ಕೊಡ್ತೀನಿ” ಅಂದಿದ್ದ ಅಂಗಡಿಯವನು. ಐ3, ಐ5 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್‌ಗಳ ಹೆಸರು. ಮೂರಕ್ಕಿಂತ ಐದು ದೊಡ್ಡದು ಅಲ್ವಾ? ಖುಷಿಯಾಯಿತು. ಕ್ಯಾಬಿನೆಟ್ ಹೊಸದು, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಮದರ್‌ಬೋರ್ಡನ್ನೂ ನನ್ನೆದುರೇ ಹೊಸ ಡಬ್ಬಿಯಿಂದ ತೆಗೆದ.

ಮೊದಮೊದಲು ಏನೂ ಗೊತ್ತಾಗಲಿಲ್ಲ. ಫೈಲು ಇಡೋ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇದ್ದರೆ ಹಳೇ ಮಷೀನ್ ಕೂಡ ಚುರುಕಾಗಿ ಆನ್ ಆಗುತ್ತದೆ. ಆದರೆ ಟ್ಯಾಲಿ ತೆರೆದಿಟ್ಟು, ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ಹಾಕಿ, ವಿಡಿಯೋ ಕಾಲ್ ಶುರು ಮಾಡಿದರೆ ಮುಗಿಯಿತು. ಫ್ಯಾನ್ ಹುಯ್ಯೋ ಅನ್ನುತ್ತಿತ್ತು, ಮೌಸ್ ನಿಂತು ನಿಂತು ಓಡುತ್ತಿತ್ತು.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. 11 ಹಾಕೋಣ ಅಂತ ಹೋದರೆ, ಈ ಪ್ರೊಸೆಸರ್‌ಗೆ ಆಗುವುದಿಲ್ಲ ಅಂತ ಬಂತು. ಅಣ್ಣನ ಮಗ ಬಂದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ಅನ್ನೋದನ್ನು ತೆಗೆದ. ಬಲಗಡೆ ಮೇಲೆ ಬರೆದಿತ್ತು: ಐ5-2400.

“ಕಾಕಾ, ಇದು 2011ರದು. ನಾ ಆಗ ಮೂರನೇ ಇಯತ್ತೆ ಇದ್ದೆ.”

ನೋಡಬೇಕಾದ್ದು ಐ5 ಅಲ್ಲ, ಅದರ ಮುಂದಿನ ನಂಬರ್. 2400 ಅಂದರೆ ಎರಡನೇ ಜನರೇಷನ್, 12100 ಅಂದರೆ ಹನ್ನೆರಡನೆಯದು. ಇಂಟೆಲ್ ಆದರೆ ವಿಂಡೋಸ್ 11ಕ್ಕೆ ಕಡಿಮೆ ಅಂದರೂ ಎಂಟನೆಯದು ಬೇಕು.

ಬಿಲ್ ಹಿಡಿದು ಮತ್ತೆ ಹುಬ್ಬಳ್ಳಿಗೆ ಹೋದೆ. ಅದರಲ್ಲಿ ‘ಐ5 ಪಿಸಿ ಸೆಟ್ – 1’ ಅಂತಷ್ಟೇ ಇತ್ತು. “ಐ5 ಅಂತ ಬರದೇವಿ, ಐ5ನ ಕೊಟ್ಟೇವಲ್ರಿ?” ಅಂದ. ಸಿಟ್ಟಿಗಿಂತ ಜಾಸ್ತಿ ನನ್ನ ಮೇಲೇ ನಾಚಿಕೆ ಬಂತು.

ಆ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರುವುದಿಲ್ಲ. ಅದರ ಹಳೇ ಮಾದರಿಯ ಡಿಡಿಆರ್3 ರ‍್ಯಾಮ್ ಹೊಸ ಬೋರ್ಡಿಗೆ ಬರುವುದಿಲ್ಲ. ಮೂರನ್ನೂ ಬದಲಾಯಿಸಿದೆ. ಹಳೆಯವು ಗೋದಾಮಿನಲ್ಲಿ ಯೂರಿಯಾ ಚೀಲದ ಪಕ್ಕ ಸುಮ್ನೆ ಬಿದ್ದಿವೆ. ಈಗಿರುವುದು ಐ3-12100. ಹೌದು, ಅವತ್ತು ಬೇಡ ಅಂದಿದ್ದ ಐ3! ಎರಡಕ್ಕೂ ನಾಲ್ಕೇ ಕೋರ್ (ಚಿಪ್ಪಿನೊಳಗೆ ಕೆಲಸ ಮಾಡುವ ಭಾಗ), ಆದರೆ ಇದಕ್ಕೆ ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), ಹಳೇ ಐ5ಗೆ ನಾಲ್ಕು. ನಂಬರಿನ ಕೊನೆಗೆ ‘ಎಫ್’ ಇದ್ದರೆ ಮಾತ್ರ ತಗೋಬೇಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಕಾಣುವುದಿಲ್ಲ.

ಈ ಸಲ ಬಿಲ್ಲಿನಲ್ಲಿ ಪ್ರೊಸೆಸರ್ ನಂಬರ್ ಪೂರ್ತಿ ಬರೆಸಿದೆ. ಅಲ್ಲೇ ಆನ್ ಮಾಡಿಸಿ, ಆ ಮೂರು ಬಟನ್ ನಾನೇ ಒತ್ತಿ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿದೆ.