ಸಂಪ್ ಮೋಟರ್ ಕಂಟ್ರೋಲರ್‌ಗೆ ಯಾವ ಮೆಮೊರಿ? ಈಪ್ರಾಮ್, ಫ್ಲ್ಯಾಶ್, ಎಫ್‌ರಾಮ್ ಮೂರನ್ನೂ ಹಾಕಿ ನೋಡಿದೆ

ವಿಜಯನಗರದ ನಮ್ಮ ಮನೆಯಲ್ಲಿ ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರೇರಿಸೋ ಮೋಟರ್‌ಗೆ ಆರ್ಡುಯಿನೊ ನ್ಯಾನೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಕೂರಿಸಿದ್ದೇನೆ. ಮೋಟರ್ ಯಾವ ಮಟ್ಟಕ್ಕೆ ನಿಲ್ಲಬೇಕು ಅನ್ನೋ ಸೆಟ್ಟಿಂಗು, ನಿಮಿಷಕ್ಕೊಮ್ಮೆ ನೀರಿನ ಮಟ್ಟ, ರಾತ್ರಿ ಆ ದಿನದ ಮೊತ್ತ. ಕರೆಂಟ್ ಹೋದರೂ ಇವಿಷ್ಟು ಉಳಿಯಬೇಕು. ಮೂರು ಚಿಪ್ ಹಾಕಿ ನೋಡಿ ಎಫ್‌ರಾಮ್‌ಗೆ ಬಂದು ನಿಂತಿದ್ದೇನೆ. ಮೊದಲೇ ಅದನ್ನ ತಂದಿದ್ರೆ ಎರಡು ವಾರ ಉಳೀತಿತ್ತು.

ಮೊದಲು ಎಸ್.ಪಿ. ರಸ್ತೆಯಿಂದ ತಂದದ್ದು 24ಎಲ್‌ಸಿ256 ಈಪ್ರಾಮ್ (EEPROM). 5 ವೋಲ್ಟ್‌ಗೆ ಒಗ್ಗುತ್ತೆ, ಎರಡೇ ತಂತಿ, 4.7 ಕಿಲೋಓಮ್‌ನ ಎರಡು ಪುಲ್‌ಅಪ್ ರೆಸಿಸ್ಟರ್. ಮೊದಲ ದಿನ ಚೆನ್ನಾಗೇ ಓಡ್ತು. ಮಾರನೇ ಬೆಳಿಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆಲ್ಲ ನೀರು. ಮೋಟರ್ ನಿಲ್ಲೋ ಮಟ್ಟದ ಜಾಗದಲ್ಲಿ ಸಂಬಂಧವೇ ಇಲ್ಲದ ಸಂಖ್ಯೆ.

ಮೋಟರ್ ಆನ್-ಆಫ್ ಮಾಡೋ ರಿಲೇಯ ವಿದ್ಯುತ್ ಗದ್ದಲ (ನಾಯ್ಸ್) ಇರಬೇಕು ಅಂತ ಕೆಪಾಸಿಟರ್ ಹಾಕಿದೆ. ತಂತಿ ಬದಲಿಸಿದೆ. ಚಿಪ್ಪೇ ನಕಲಿ ಅಂದ್ಕೊಂಡು ಇನ್ನೊಂದು ತಂದೆ. ದಿನಾ ರಾತ್ರಿ ಕಳೆದ ಮೇಲೆ ಅದೇ ಕಥೆ.

ಕೊನೆಗೆ ಮೊದಲ 128 ಬೈಟ್‌ಗಳನ್ನ ಸೀರಿಯಲ್ ಮಾನಿಟರ್‌ನಲ್ಲಿ ಪ್ರಿಂಟ್ ಮಾಡಿ, ಕಾಗದದ ಮೇಲೆ ಬರೆದು ಗೆರೆ ಎಳೆದೆ. ಈ ಚಿಪ್‌ನಲ್ಲಿ ಒಂದು ಪೇಜ್, ಅಂದ್ರೆ ಒಂದೇ ಸಲಕ್ಕೆ ಬರೆಯಬಹುದಾದ ತುಂಡು, 64 ಬೈಟ್. ನನ್ನ ರೆಕಾರ್ಡ್ ಒಂದೊಂದೂ 24. ಸೆಟ್ಟಿಂಗು 0ರಿಂದ, ನಿಮಿಷದ ಲೆಕ್ಕ 24ರಿಂದ, ದಿನದ ಮೊತ್ತ 48ರಿಂದ. 63ಕ್ಕೆ ಪೇಜ್ ಮುಗೀತು. ಮೊತ್ತದಲ್ಲಿ ಉಳಿದ 8 ಬೈಟ್ ಮುಂದಿನ ಪೇಜಿಗೆ ದಾಟಲ್ಲ, ಅದೇ ಪೇಜಿನ ತಲೆಗೆ ಹಿಂತಿರುಗಿ 0ರಿಂದ 7ರವರೆಗೆ ಕೂರುತ್ತೆ. ಅಲ್ಲಿದ್ದದ್ದೇ ಮೋಟರ್ ನಿಲ್ಲೋ ಮಟ್ಟ. ಎರರ್ ಅಂತೂ ಬರೋದೇ ಇಲ್ಲ, ಪ್ರತಿ ಬೈಟಿಗೂ ಚಿಪ್ ಹೂಂಗುಟ್ಟುತ್ತಾ ಹೋಗುತ್ತೆ. ಡೇಟಾಶೀಟ್‌ನಲ್ಲಿ ಇದು ಬರೆದಿದೆ, ನಾನು ಓದಿರಲಿಲ್ಲ.

ಒಂದೊಂದು ರೆಕಾರ್ಡ್‌ಗೂ 32 ಬೈಟ್ ಜಾಗ ಬಿಟ್ಟೆ, ಸರಿಹೋಯ್ತು. ಆದ್ರೆ ಅಷ್ಟೊತ್ತಿಗೆ ಬಾಳಿಕೆಯ ಲೆಕ್ಕವೂ ಹಾಕಿದ್ದೆ. ಒಂದೇ ಜಾಗದಲ್ಲಿ 10 ಲಕ್ಷ ಸಲ ಬರೀಬಹುದು. ನಿಮಿಷಕ್ಕೊಂದರಂತೆ ದಿನಕ್ಕೆ 1440. ಎರಡು ವರ್ಷ ತುಂಬೋ ಮೊದಲೇ ಮುಗಿಯುತ್ತೆ.

ಡಬ್ಲ್ಯೂ25ಕ್ಯೂ32 ಫ್ಲ್ಯಾಶ್‌ನಲ್ಲಿ 4 ಎಂಬಿ ಜಾಗ ಇದೆ, ಲಾಗ್ ತುಂಬೋರಿಗೆ ಒಳ್ಳೇದು. ಆದರೆ ಅದು 3.3 ವೋಲ್ಟ್‌ನದ್ದು, ನ್ಯಾನೊದ 5 ವೋಲ್ಟನ್ನ ಅದಕ್ಕೆ ತಕ್ಕಂತೆ ಇಳಿಸೋ ಲೆವೆಲ್ ಶಿಫ್ಟರ್ ಬೇಕು. ಬರೆದ ಸಂಖ್ಯೆ ಬದಲಿಸೋಕೆ 4096 ಬೈಟ್‌ನ ಸೆಕ್ಟರ್ ಪೂರ್ತಿ ಅಳಿಸಬೇಕು, ಅಳಿಸೋ ಮೊದಲು ಅಲ್ಲಿ ಉಳಿದದ್ದನ್ನ ನ್ಯಾನೊದಲ್ಲಿ ಎತ್ತಿಟ್ಟುಕೊಳ್ಳಬೇಕು. ನ್ಯಾನೊದ ರ‍್ಯಾಮೇ 2048. ಬಿಚ್ಚಿಟ್ಟೆ.

ಈಗಿರೋದು ಎಂಬಿ85ಆರ್‌ಸಿ256ವಿ ಎಫ್‌ರಾಮ್. ಈಪ್ರಾಮ್‌ನಷ್ಟೇ ಜಾಗ, 32 ಕೆಬಿ. ಕಾಲುಗಳ ಕ್ರಮ, ವಿಳಾಸ ಎರಡೂ ಅದರದ್ದೇ. ಪೇಜ್ ಅನ್ನೋದೇ ಇಲ್ಲ. ಬರೆದ ಮೇಲೆ 5 ಮಿಲಿಸೆಕೆಂಡ್ ಕಾಯೋ ಸಾಲನ್ನ ಕೋಡಿನಿಂದ ತೆಗೆದುಹಾಕಿದೆ, ಅಷ್ಟೇ ಬದಲಾವಣೆ. ಬಾಳಿಕೆ ಲಕ್ಷ ಕೋಟಿ ಸಲ. ಸಣ್ಣ ಚಿಪ್ ಆದ್ದರಿಂದ ಅಡಾಪ್ಟರ್ ಬೋರ್ಡ್ ಮೇಲೆ ಬೆಸುಗೆ ಹಾಕಬೇಕಾಯ್ತು. ಬೆಲೆ ನನಗೆ ಈಪ್ರಾಮ್‌ನ ಹತ್ತು ಪಟ್ಟು ಬಿತ್ತು. ಒಂದೇ ಬೋರ್ಡ್ ಮಾಡೋನಿಗೆ ಅದು ಭಾರ ಅಲ್ಲ, ಐವತ್ತು ಮಾಡೋರಿಗೆ ಹೌದು. ತಿಂಗಳಿಗೊಮ್ಮೆ ಸೆಟ್ಟಿಂಗ್ ಬದಲಿಸೋರು ಈಪ್ರಾಮ್ ತಗೊಳ್ಳಿ, ಪೇಜಿನ ಅಂಚು ನೋಡ್ಕೊಳ್ಳಿ.

ಮೊನ್ನೆ ಭಾನುವಾರ ಮೋಟರ್ ಓಡ್ತಿರುವಾಗಲೇ ಮೇನ್ ಸ್ವಿಚ್ಚನ್ನ 40 ಸಲ ಆರಿಸಿ ಹಾಕಿದೆ. ಪ್ರತಿ ಸಲವೂ ಸೆಟ್ಟಿಂಗಿನ 24 ಬೈಟೂ ಇದ್ದಲ್ಲೇ ಇದ್ದವು.